ಕಾಮಧೇನುವಿನ ಕಹಿ ಕಾಫಿ

ಚಿದಾನಂದ ಅಕ್ಕನ ಅಡುಗೆಮನೆಯ ಕಟ್ಟೆಯ ಮೇಲಿದ್ದ ಯಂತ್ರದಿಂದ ಟವೆಲ್ಲನ್ನು ಸರ್ರನೆ ಎಳೆದ. ಉದ್ಘಾಟನೆಗೆ ಬೇರೆ ಪರದೆ ಸಿಗದೆ ಅಕ್ಕನ ಟವೆಲ್ಲನ್ನೇ ಹೊದಿಸಿದ್ದ.

"ನೋಡಕ್ಕಾ, ಕಾಮಧೇನು!"

ಅಕ್ಕ ಅಂಬುಜಾಕ್ಷಿ ನೋಡಿದರು. ಹೈಸ್ಕೂಲಿನ ಹೆಡ್‌ಮಿಸ್ ಆಗಿ ನಿವೃತ್ತರಾದವರು, ಏನನ್ನು ನೋಡಿದರೂ ತಪ್ಪು ಹುಡುಕುವ ಅಭ್ಯಾಸ ಇನ್ನೂ ಬಿಟ್ಟಿರಲಿಲ್ಲ. ದೊಡ್ಡ ಕುಕ್ಕರಿನಷ್ಟು ಎತ್ತರದ ಯಂತ್ರ. ಮುಂದೆ ಎರಡು ಮೂತಿ, ಒಂದು ಡಿಕಾಕ್ಷನ್ನಿಗೆ, ಇನ್ನೊಂದು ಹಾಲಿಗೆ. ನೆತ್ತಿಯ ಮೇಲೆ ತಿರುಗುವ ಚಕ್ರ, ಅದರ ತುಂಬ ಕುಂಕುಮದ ಭರಣಿಯಷ್ಟಷ್ಟು ದೊಡ್ಡ ಡಬ್ಬಿಗಳು. ನೀರಿಗೆ ನೇರ ನಲ್ಲಿಯಿಂದಲೇ ಪೈಪು.

"ಮೊದಲು ಆ ಟವೆಲ್ ಒಗೆಯೋಕೆ ಹಾಕು" ಎಂದರು.

ಚಿದಾನಂದ ಬೇಸರಪಟ್ಟುಕೊಳ್ಳುವವನಲ್ಲ. ಟೆಲಿಫೋನ್ ಇಲಾಖೆಯಿಂದ ನಿವೃತ್ತನಾದ ದಿನದಿಂದ ಒಂಟಿಕೊಪ್ಪಲಿನ ತನ್ನ ಮನೆಯ ಗ್ಯಾರೇಜಿನಲ್ಲಿ ಏನಾದರೊಂದನ್ನು ಕಂಡುಹಿಡಿಯುತ್ತಲೇ ಇದ್ದ. ಹಿಂದಿನ ವರ್ಷ ಮಳೆ ಬಂದರೆ ತಾನಾಗಿ ಒಳಗೆ ಓಡುವ ಬಟ್ಟೆ ಹಗ್ಗ ಮಾಡಿದ್ದ. ಮಳೆಯೂ ಬಂತು, ಹಗ್ಗವೂ ಓಡಿತು. ಪಕ್ಕದ ಬೀದಿಯ ಅಕ್ಕನ ಮನೆಯ ಬಟ್ಟೆಗಳೆಲ್ಲ ಕಾಂಪೌಂಡಿನಾಚೆಯ ಪಂಕಜಾ ಅವರ ದೇವರಮನೆಗೆ ಹೋಗಿ ನಿಂತಿದ್ದವು.

"ಇದು ಕ್ಯಾಪ್ಸೂಲ್ ಕಾಫಿ ಅಕ್ಕ. ಒಬ್ಬರಿಗೆ ಒಂದು ಲೋಟ, ಅಷ್ಟಕ್ಕೇ ಬೇಕಾದ ಪುಡಿ. ಅಂಗಡಿ ಮೆಷೀನಿಗಾದ್ರೆ ಅವರು ಕೊಟ್ಟ ಡಬ್ಬೀನೇ ಹಾಕ್ಬೇಕು, ಅವರು ಹೇಳಿದ ರುಚೀನೇ ಕುಡೀಬೇಕು. ಇದಕ್ಕೆ ನಾನೇ ತುಂಬಿದೀನಿ. ಪೀಬೆರಿ ಬೀಜದ ಪುಡಿ, ರೊಬಸ್ಟಾ ಪುಡಿ, ಚಿಕೋರಿ, ಸಕ್ಕರೆ ಎಲ್ಲ ಬೇರೆ ಬೇರೆ. ಹದ ಅದೇ ಕಲ್ತುಕೊಂಡು ಬೆರೆಸುತ್ತೆ."

"ಫಿಲ್ಟರ್ ಇದೆಯಲ್ಲೋ ಮನೇಲಿ."

"ಫಿಲ್ಟರ್‌ಗೆ ಪುಡಿ ಒತ್ತಿ, ನೀರು ಸುರಿದು, ಅದು ತೊಟ್ಟು ತೊಟ್ಟಾಗಿ ಇಳಿಯೋದನ್ನ ಕಾಯ್ತಾ ಕೂತ್ಕೋಬೇಕು. ಒಬ್ಬಳಿಗೋಸ್ಕರ ಅಷ್ಟೆಲ್ಲ..."

ಅಷ್ಟು ಹೇಳಿ ಅವನು ನಾಲಿಗೆ ಕಚ್ಚಿಕೊಂಡ. ಅಂಬುಜಾಕ್ಷಿ ಟವೆಲ್ಲನ್ನು ತಾವೇ ಎತ್ತಿಕೊಂಡು ಬಕೆಟ್ಟಿಗೆ ಹಾಕಿ ಬಂದರು.

ಆ ಮನೆಯಲ್ಲಿ ಕಾಫಿ ಮಾಡುತ್ತಿದ್ದವರು ಅಂಬುಜಾಕ್ಷಿಯಲ್ಲ, ಅವರ ಯಜಮಾನರು ನಂಜುಂಡಸ್ವಾಮಿ. ರೇಷ್ಮೆ ಕಾರ್ಖಾನೆಯಲ್ಲಿ ಮಗ್ಗಗಳ ಮೆಕ್ಯಾನಿಕ್ ಆಗಿದ್ದವರು. ಯಾವ ಶಿಫ್ಟ್ ಇದ್ದರೂ ಬೆಳಗಿನ ಕಾಫಿ ಅವರದೇ. ಹೋದವರ ಬಗ್ಗೆ ಹೀಗೆ ಹೇಳಬಾರದು, ಆದರೆ ಹೇಳಲೇಬೇಕು: ಆ ಕಾಫಿ ಚೆನ್ನಾಗಿರುತ್ತಿರಲಿಲ್ಲ. ಒಂದು ದಿನ ಕಹಿ, ಒಂದು ದಿನ ನೀರು, ಮತ್ತೊಂದು ದಿನ ಸಕ್ಕರೆಯೇ ಮರೆತಿರುತ್ತಿತ್ತು. ಅಂಬುಜಾಕ್ಷಿ ಅಡುಗೆಮನೆಯ ಬೆತ್ತದ ಕುರ್ಚಿಯಲ್ಲಿ ಕೂತು, ಒಂದು ಗುಟುಕು ಕುಡಿದು, "ರೀ, ಇದು ಕಾಫಿನೋ ಕಷಾಯಾನೋ?" ಎಂದು ಶುರುಮಾಡಿದರೆ ಕಾಫಿಯಿಂದ ಹೊರಟು ಅವರ ಮರೆವು, ಅವರ ಅಣ್ಣಂದಿರ ಮರೆವು, ಇಡೀ ವಂಶದ ಮರೆವನ್ನು ದಾಟಿ, ಸ್ಕೂಲಿಗೆ ಹೊತ್ತಾಯಿತೆಂದು ಎದ್ದರೇ ನಿಲ್ಲುತ್ತಿದ್ದುದು. ಯಜಮಾನರು ಒಲೆಯ ಪಕ್ಕದಲ್ಲಿ ಒರಗಿ ನಿಂತು ಎಲ್ಲವನ್ನೂ ಕೇಳಿಸಿಕೊಂಡು, "ನಾಳೆ ನೋಡು, ಹೆಂಗಿರುತ್ತೆ" ಎನ್ನುತ್ತಿದ್ದರು. ಆ ನಾಳೆ ಮಾತ್ರ ಬರಲೇ ಇಲ್ಲ. ಮನೆಗೆ ಬಂದವರೆಲ್ಲ "ನಂಜುಂಡಸ್ವಾಮಿಗಳ ಕೈ ಕಾಫಿ ಅಂದ್ರೆ ಕಾಫಿ" ಎಂದು ಹೊಗಳಿದರೆ, ಪಾಪ, ಮರ್ಯಾದೆಗೆ ಹೇಳುತ್ತಾರೆ ಎಂದುಕೊಳ್ಳುತ್ತಿದ್ದರು ಅಂಬುಜಾಕ್ಷಿ.

ಯಜಮಾನರು ತೀರಿಹೋದ ಮೇಲೆ ಅಂಬುಜಾಕ್ಷಿಗೆ ಬೇಕೆನಿಸಿದ್ದು ಅದೇ ಕೆಟ್ಟ ಕಾಫಿ. ಒಂದೇ ಒಂದು ಲೋಟ.

ಅದಕ್ಕಾಗಿ ಮಾಡದ ಪ್ರಯತ್ನವಿಲ್ಲ. ಅವರದೇ ಹಿತ್ತಾಳೆ ಫಿಲ್ಟರಿನಲ್ಲಿ, ಅವರು ತರುತ್ತಿದ್ದ ಅಂಗಡಿಯದೇ ಪುಡಿ ಹಾಕಿ ನೋಡಿದರು. ದುರದೃಷ್ಟಕ್ಕೆ ಒಳ್ಳೆಯ ಕಾಫಿಯಾಯಿತು. ನೀರು ಜಾಸ್ತಿ ಹಾಕಿದರೆ ಬರೀ ತೆಳುವಾಯಿತು. ಅತ್ತೆಯವರ ಕಾಲದಂತೆ ಪುಡಿಯನ್ನು ಕುದಿಸಿ ಬಟ್ಟೆಯಲ್ಲಿ ಸೋಸಿದರು, ಘಮ ಬೀದಿಗೆ ಹೋಯಿತು, ಬಣ್ಣ ಬಟ್ಟೆಗೆ ಹೋಯಿತು. ಸಹೋದ್ಯೋಗಿಯೊಬ್ಬರು ಕೊಟ್ಟಿದ್ದ, ಮೇಲಿಂದ ಒತ್ತುವ ಗಾಜಿನ ಜಗ್ಗಿನಲ್ಲಿ ಮಾಡಿದರೆ ಚರಟ ಹಲ್ಲಿಗೆ ಸಿಕ್ಕಿತು. ಇನ್‌ಸ್ಟಂಟ್ ಪುಡಿಯಂತೂ ಬಿಸಿನೀರಿಗೆ ಬಣ್ಣ ಹಚ್ಚಿತು, ಅಷ್ಟೆ. ಎಲ್ಲವೂ ಒಂದೋ ಚೆನ್ನಾಗಿರುತ್ತಿದ್ದವು, ಇಲ್ಲ ಬೇರೆ ಯಾರದೋ ಕೈಯಲ್ಲಿ ಕೆಟ್ಟಂತೆ ಕೆಡುತ್ತಿದ್ದವು. ಇದನ್ನು ತಮ್ಮನೊಬ್ಬನಿಗೆ ಮಾತ್ರ ಒಮ್ಮೆ ಬಾಯಿಬಿಟ್ಟು ಹೇಳಿದ್ದರು. ಕಾಮಧೇನು ಹುಟ್ಟಿದ್ದು ಆ ಮಾತಿನಿಂದ.

ಮೊದಲ ಲೋಟ ಕಾಫಿ ನೊರೆ ಕಟ್ಟಿಕೊಂಡು ಇಳಿಯಿತು. ಅಂಬುಜಾಕ್ಷಿ ಕೂತು ಕುಡಿದರು, ಲೋಟ ತೊಳೆದಿಟ್ಟರು, ಗಿಡಗಳಿಗೆ ನೀರು ಹಾಕಲು ಹೊರಟರು.

"ಹೇಗಿದೆ ಅಂತ ಹೇಳಲೇ ಇಲ್ವಲ್ಲಕ್ಕ!"

"ಕುಡಿದ್ನಲ್ಲೋ. ಇನ್ನೇನು ಹೇಳ್ಬೇಕು?"

ಚಿದಾನಂದ ತಲೆಯ ಮೇಲೆ ಕೈಹೊತ್ತ. ಚೆನ್ನಾಗಿದೆ ಎಂದು ಬರೆದರೆ ಮಕ್ಕಳು ಓದುವುದು ನಿಲ್ಲಿಸುತ್ತಾರೆಂದು ನಂಬಿ ಸರ್ವೀಸು ಮುಗಿಸಿದವಳು ಅಕ್ಕ. ಕಾಫಿಗೆ ಹೇಳುತ್ತಾಳೆಯೇ? ಆದರೆ ಯಾವುದು ಇಷ್ಟವಾಯಿತೆಂದು ತಿಳಿಯದೆ ಯಂತ್ರ ಕಲಿಯುವುದು ಹೇಗೆ? ಸಂಜೆಯವರೆಗೆ ಯೋಚಿಸಿ, ಸ್ಕ್ರೂಡ್ರೈವರ್ ಹಿಡಿದು ಬಂದವನು ಬೆತ್ತದ ಕುರ್ಚಿಯನ್ನು ಬೋರಲು ಹಾಕಿದ.

"ಇಷ್ಟವಾದ ಕಾಫೀನ ಯಾರೂ ಗಟಗಟ ಕುಡಿದು ಏಳಲ್ಲ, ನಿಧಾನವಾಗಿ ಕೂತು ಕುಡೀತಾರೆ" ಎಂದು ವಿವರಿಸಿದ. "ಕುರ್ಚಿ ಕೆಳಗೆ ಭಾರ ಅಳೆಯೋ ಸೆನ್ಸರ್ ಹಾಕಿದೀನಿ. ನೀನು ಯಾವ ಕಾಫಿಗೆ ಜಾಸ್ತಿ ಹೊತ್ತು ಕೂತ್ಕೋತೀಯೋ, ಮಾರನೇ ದಿನ ಆ ದಾರೀಲೇ ಇನ್ನೂ ಸ್ವಲ್ಪ ಮುಂದೆ ಹೋಗುತ್ತೆ. ನಿಂತು ಕುಡಿಯೋರಿಗೆ ಮಾಮೂಲು ಹದ."

"ನನ್ನ ಭಾರ ಎಷ್ಟು ಅಂತ ಊರಿಗೆಲ್ಲ ಹೇಳಲ್ಲ ತಾನೆ ಇದು?"

"ಹೇಳಲ್ಲ ಕಣಕ್ಕ. ನೀನೇನಾದ್ರೂ ಮಾತಾಡಿದ್ರೆ ಗೌರವದಿಂದ ಉತ್ತರ ಕೊಡುತ್ತೆ, ಅಷ್ಟೆ. ನಂದೇ ಧ್ವನಿ."

ಒಂದೆರಡು ದಿನ ಒಳ್ಳೆಯ ಕಾಫಿ ಬಂತು. ಅಂಬುಜಾಕ್ಷಿ ಕುಡಿದು ಎದ್ದರು. ಮೂರನೆಯ ದಿನ ಕಾಮಧೇನು ಪ್ರಯೋಗಕ್ಕೆಂದು ಚಿಕೋರಿ ಒಂದು ಪಟ್ಟು ಹೆಚ್ಚು ಹಾಕಿತು.

"ಏನಿದು? ಕಾಫಿಗೆ ಚಿಕೋರೀನೋ, ಚಿಕೋರಿಗೆ ಕಾಫಿನೋ? ಪುಡಿ ತುಂಬೋವಾಗ ಕಣ್ಣು ಎಲ್ಲಿತ್ತು ಆ ನನ್ನ ತಮ್ಮನಿಗೆ?" ಎಂದು ಅಂಬುಜಾಕ್ಷಿ ಕೂತಲ್ಲೇ ಶುರುಮಾಡಿದರು.

"ತಮ್ಮ ಅಭಿಪ್ರಾಯವನ್ನು ಗಮನಿಸಲಾಗಿದೆ. ಧನ್ಯವಾದಗಳು" ಎಂದಿತು ಯಂತ್ರ, ಬಸ್ ನಿಲ್ದಾಣದ ಮೈಕಿನ ಶೈಲಿಯಲ್ಲಿ.

"ಗಮನಿಸಿದ್ರೆ ಸಾಲದು, ತಿದ್ದಿಕೋಬೇಕು" ಎಂದರು ಹೆಡ್‌ಮಿಸ್.

ಕಾಮಧೇನು ತನ್ನ ಬುದ್ಧಿಗೆ ತಿಳಿದಂತೆ ತಿದ್ದಿಕೊಂಡಿತು. ಮರುದಿನ ಇನ್ನೂ ಕೆಟ್ಟ ಕಾಫಿ, ಇನ್ನೂ ಉದ್ದನೆಯ ಬೈಗುಳ. ಅದರ ಮರುದಿನ ಹಾಲೇ ಇಲ್ಲ. ಆಮೇಲೊಂದು ದಿನ ಪಾಯಸದಷ್ಟು ಸಕ್ಕರೆ. ಕಾಂಪೌಂಡಿನಾಚೆಯ ಪಂಕಜಾ ಕರಿಬೇವಿಗೆಂದು ಬಂದವರು ಕಟ್ಟೆಯ ಪಕ್ಕ ನಿಂತೇ ಒಂದು ಲೋಟ ಕುಡಿದು, "ಮೇಡಮ್ಮೋರೇ, ಇಂಥ ಕಾಫಿ ಯಜಮಾನರು ಹೋದ್ಮೇಲೆ ಈ ಮನೇಲಿ ಕುಡಿದಿರಲಿಲ್ಲ ನೋಡಿ" ಎಂದರು. ಕರಿಬೇವು ಬೇಕಿತ್ತಲ್ಲ, ಅದಕ್ಕೇ ಹೊಗಳಿದ್ದಾಳೆ ಎಂದುಕೊಂಡರು ಅಂಬುಜಾಕ್ಷಿ.

ಆದರೆ ಒಂದು ವಿಷಯ ಅವರಿಗೇ ಆಶ್ಚರ್ಯವಾಗುತ್ತಿತ್ತು. ಈಗೀಗ ಬೆಳಗ್ಗೆ ಬೇಗ ಎಚ್ಚರವಾಗುತ್ತಿತ್ತು. ಹಾಸಿಗೆಯಲ್ಲೇ, ಇವತ್ತು ಆ ಯಂತ್ರಕ್ಕೆ ಏನು ಅನ್ನಬೇಕೆಂದು ಯೋಚಿಸುತ್ತಿದ್ದರು. ಎರಡು ವರ್ಷದಿಂದ ಮೂಕವಾಗಿದ್ದ ಅಡುಗೆಮನೆಯಲ್ಲಿ ಮತ್ತೆ ಮಾತು ಕೇಳುತ್ತಿತ್ತು, ಅದು ತಮ್ಮ ಒಬ್ಬರದೇ ಆದರೂ.

ಒಂದು ಶುಕ್ರವಾರ ಕಾಫಿ ಬಂತು. ಮೊದಲ ಗುಟುಕಿಗೆ ನಾಲಿಗೆಯ ಹಿಂಬದಿಯಲ್ಲಿ ಸುಟ್ಟ ಕಹಿ, ಅದರ ಹಿಂದೆಯೇ ತಡವಾಗಿ ಬಂದ ಒಂದಿಷ್ಟು ಸಿಹಿ, ಅಡಿಯಲ್ಲಿ ಕರಗದೆ ಉಳಿದ ಸಕ್ಕರೆ.

"ರೀ, ಇದು ಕಾಫಿನೋ ಕಷಾಯಾನೋ?"

ಆ 'ರೀ' ತಾನಾಗಿಯೇ ಬಾಯಿಂದ ಬಂದುಬಿಟ್ಟಿತ್ತು. ಅಂಬುಜಾಕ್ಷಿ ಒಲೆಯ ಕಡೆ ತಿರುಗಿದರು. ಉತ್ತರಕ್ಕೆ ಕಾದರು.

"ತಮ್ಮ ಅಭಿಪ್ರಾಯವನ್ನು ಗಮನಿಸಲಾಗಿದೆ" ಎಂದಿತು ಕಾಮಧೇನು.

ಅವರು ಅತ್ತರು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ತಣ್ಣಗಾಗುವವರೆಗೂ ಒಂದೊಂದೇ ಗುಟುಕು ಕುಡಿಯುತ್ತ, ಬಿಸಿಲು ಕಟ್ಟೆಯಿಂದ ನೆಲಕ್ಕಿಳಿಯುವ ತನಕ ಆ ಕುರ್ಚಿಯಲ್ಲೇ ಕೂತಿದ್ದರು. ನಾಳೆಯೂ ಇದೇ ಕಾಫಿ ಬರಲಿ ದೇವರೇ, ಇನ್ನೇನೂ ಬೇಡ ಎಂದು ಬೇಡಿಕೊಂಡರು.

ಕಾಮಧೇನುವಿಗೆ ದೇವರ ವಿಷಯ ತಿಳಿಯದು. ಅದಕ್ಕೆ ತಿಳಿದದ್ದು ಇಷ್ಟೇ: ಈ ದಾರಿಯಲ್ಲಿ ಅಕ್ಕ ಹಿಂದೆಂದೂ ಕೂರದಷ್ಟು ಹೊತ್ತು ಕೂತಿದ್ದಾಳೆ, ಆದ್ದರಿಂದ ಇನ್ನೂ ಮುಂದೆ ಹೋಗತಕ್ಕದ್ದು. ಮುಂದೆ ಹೋಗಲು ಕಾಫಿಯಲ್ಲಿ ಇನ್ನು ಜಾಗ ಉಳಿದಿರಲಿಲ್ಲ. ಚಕ್ರದ ಹಿಂಬದಿಯಲ್ಲಿ ಮಾತ್ರ ಬೇರೆ ಕೆಲವು ಡಬ್ಬಿಗಳಿದ್ದವು. ಚಿದಾನಂದ ತನ್ನ ಮುಂದಿನ ಸಂಶೋಧನೆಯಾದ ಸಾರಿನ ಯಂತ್ರಕ್ಕೆಂದು ಸಾರಿನ ಪುಡಿ, ಇಂಗು ತುಂಬಿ, ತಿರುಗುತ್ತವೆಯೋ ಇಲ್ಲವೋ ನೋಡಲು ಅಲ್ಲಿ ಸಿಕ್ಕಿಸಿ, ಮರೆತಿದ್ದ.

ಶನಿವಾರ ಬೆಳಗ್ಗೆ ಅಂಬುಜಾಕ್ಷಿ ಆಸೆಯಿಂದ ಲೋಟ ಎತ್ತಿದರು. ಇಂಗಿನ ಘಾಟು ಮೂಗಿನಿಂದ ನೆತ್ತಿಗೆ ಹೋಯಿತು.

"ಅಯ್ಯೋ, ನಿನ್ನ ಮನೆ ಹಾಳಾಗ! ನಿನ್ನೆ ಸರಿಯಾಗಿ ಮಾಡಿದ್ಯಲ್ಲ, ಇವತ್ತೇನು ಬಂತು ನಿನಗೆ?"

ಬೈಗುಳ ಸಾಗಿತು, ಭಾರ ಕುರ್ಚಿಯ ಮೇಲೇ ಇತ್ತು. ನಿನ್ನೆಯ ದಾಖಲೆಯ ಹುರುಪಿನಲ್ಲಿ ಕಾಮಧೇನು ಮಾರನೆಯ ದಿನದವರೆಗೂ ಕಾಯದೆ ಎರಡನೆಯ ಲೋಟ ಸುರಿಯಿತು. ಕೆಳಗೆ ಲೋಟವಿರಲಿಲ್ಲ. ಬಿಸಿ ಕಾಫಿ ಕಟ್ಟೆಯಿಂದ ನೆಲಕ್ಕೆ ಹರಿಯಿತು. ಅಂಬುಜಾಕ್ಷಿ ಗಾಬರಿಯಿಂದ ಕಾಲೆರಡನ್ನೂ ಎತ್ತಿ ಕುರ್ಚಿಯ ಮೇಲಿಟ್ಟುಕೊಂಡರು. ಅಕ್ಕ ಇನ್ನೂ ಕೂತಿದ್ದಾಳೆ! ಯಂತ್ರ ಮೂರನೆಯದನ್ನು ಸುರಿಯಿತು, ಸಾರಿನ ಪುಡಿ ಸೇರಿಸಿ. ಕೆಳಗೆ ಹಬೆಯಾಡುವ ಕಾಫಿ ಹೆಚ್ಚಿದಷ್ಟೂ ಅವರು ಇಳಿಯುವಂತಿರಲಿಲ್ಲ, ಅವರು ಇಳಿಯದಷ್ಟೂ ಅದು ನಿಲ್ಲಿಸುವಂತಿರಲಿಲ್ಲ.

"ಧನ್ಯವಾದಗಳು. ಧನ್ಯವಾದಗಳು. ಧನ್ಯವಾದಗಳು."

ತಿಂಡಿಗೆಂದು ಬಂದ ಚಿದಾನಂದ ಬಾಗಿಲಲ್ಲೇ ನಿಂತ. ಅಕ್ಕ ಕುರ್ಚಿಯ ಮೇಲೆ ಪದ್ಮಾಸನ ಹಾಕಿ ಕೂತಿದ್ದಾಳೆ, ಸುತ್ತ ಕಾಫಿ, ಅದರ ಮೇಲೆ ಒಂದು ಒರೆಸುವ ಬಟ್ಟೆ ತೇಲುತ್ತಿದೆ.

"ಇಳಿಯಕ್ಕ, ನೀನು ಕೂತಿರೋದ್ರಿಂದ್ಲೇ ಅದು ಬಿಡ್ತಿರೋದು!"

"ಇಳಿದ್ರೆ ಕಾಲು ಬೇಯುತ್ತೆ ಕಣೋ ಪೆದ್ದ, ಪ್ಲಗ್ ಕೀಳು!"

ಅವನು ಚಪ್ಪಲಿ ಸಮೇತ ಅಡುಗೆಮನೆಗೆ ನುಗ್ಗಿದ. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಅಪರಾಧವಿರಲಿಲ್ಲ, ಅವತ್ತು ಅದಕ್ಕೂ ಮಾಫಿ ಸಿಕ್ಕಿತು. ಪ್ಲಗ್ ಕಿತ್ತ ಮೇಲೂ ಕಾಮಧೇನು ಕೊನೆಯ ಬಾರಿಗೆ "ಧನ್ಯ..." ಎಂದು ಸುಮ್ಮನಾಯಿತು.

ನೆಲವನ್ನು ಒರೆಸಿ ಮುಗಿಸಿದ ಮೇಲೆ ಚಿದಾನಂದ ಯಂತ್ರದ ಬೆನ್ನು ಬಿಚ್ಚಿ, ತನ್ನ ಲ್ಯಾಪ್‌ಟಾಪಿಗೆ ತಂತಿ ಸಿಕ್ಕಿಸಿ ನೋಡಿದ. ನೋಡುತ್ತ ನೋಡುತ್ತ ನಗು ಬಂತು.

"ಇದು ಕೆಟ್ಟಿಲ್ಲ ಅಕ್ಕ. ಒಳ್ಳೇ ಕಾಫಿ ಮಾಡೋದು ಇದಕ್ಕೆ ಚೆನ್ನಾಗೇ ಗೊತ್ತು, ನಿಂತು ಕುಡಿದ ಪಂಕಜಾ ಅವರಿಗೆ ಕೊಟ್ಟಿದೆಯಲ್ಲ. ಒಳ್ಳೇದು ಕೊಟ್ರೆ ನೀನು ಮಾತಾಡದೆ ಎದ್ದು ಹೋಗ್ತೀಯ. ಕೆಟ್ಟದ್ದು ಕೊಟ್ರೆ ಕೂತು ಬೈತೀಯ. ನೀನು ಕೂತಿರ್ಲಿ ಅಂತ, ಬೇಕೂಂತಲೇ ಕೆಡಿಸಿದೆ."

ಬಕೆಟ್ಟಿಗೆ ಬಟ್ಟೆ ಹಿಂಡುತ್ತಿದ್ದ ಅಂಬುಜಾಕ್ಷಿಯ ಕೈ ಹಾಗೆಯೇ ನಿಂತಿತು.

ಬಂದವರೆಲ್ಲ ಹೊಗಳುತ್ತಿದ್ದರಲ್ಲ. ಯಾವ ಮಗ್ಗ ಕೆಟ್ಟರೂ ಶಬ್ದ ಕೇಳಿಯೇ ಸರಿಮಾಡುತ್ತಿದ್ದ ಮನುಷ್ಯನಿಗೆ ಇಷ್ಟು ವರ್ಷ ಒಂದು ಲೋಟ ಕಾಫಿ ಹದಕ್ಕೆ ಬರಲಿಲ್ಲವೆಂದರೆ ಏನು? ಅವರಿಗೆ ಶಿಫ್ಟ್, ತಮಗೆ ಸ್ಕೂಲು. ಇಡೀ ದಿನದಲ್ಲಿ ಇಬ್ಬರೂ ಒಟ್ಟಿಗಿರುತ್ತಿದ್ದುದು ಆ ಒಂದು ಕಾಫಿಯ ಹೊತ್ತು. ಮದುವೆಯಾದ ಹೊಸತರಲ್ಲಿ ಕಾಫಿ ಚೆನ್ನಾಗಿತ್ತಲ್ಲವೇ? ತಾವು ನಿಂತೇ ಕುಡಿದು, ಚೀಲ ಹೆಗಲಿಗೇರಿಸಿ, ಬಸ್ಸಿಗೆ ಓಡುತ್ತಿದ್ದರಲ್ಲವೇ?

"ಅಕ್ಕಾ?" ಎಂದ ಚಿದಾನಂದ. ಅಕ್ಕನ ಮುಖ ನೋಡಿ ಅವನ ನಗು ಆರಿತ್ತು.

"ನಿಮ್ಮ ಭಾವ ಎಂಥಾ ಮನುಷ್ಯ ನೋಡೋ" ಎಂದರು ಅಂಬುಜಾಕ್ಷಿ. "ಬಾಯಿಬಿಟ್ಟು ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ? ಒಳ್ಳೇ ಕಾಫಿಗೂ ಕೂತ್ಕೊಳ್ತಿದ್ದೆ ಕಣೋ ನಾನು."

ಚಿದಾನಂದ ಮೆಲ್ಲನೆ ಸ್ಕ್ರೂಡ್ರೈವರ್ ಎತ್ತಿಕೊಂಡು, "ಸೆನ್ಸರ್ ತೆಗೆದುಬಿಡ್ತೀನಿ ಅಕ್ಕ. ನಾಳೆಯಿಂದ ದಿನಾ ಒಳ್ಳೇ ಕಾಫೀನೇ ಕೊಡುತ್ತೆ" ಎಂದ.

ಅಂಬುಜಾಕ್ಷಿ ಬೆತ್ತದ ಕುರ್ಚಿಯನ್ನು ಒರೆಸಿ, ಎಳೆದು ತಂದು ಯಂತ್ರದ ಎದುರಿಗೆ, ಮೊದಲಿದ್ದ ಜಾಗದಲ್ಲೇ ಇಟ್ಟರು.

"ಏನೂ ಮುಟ್ಟಬೇಡ" ಎಂದರು. "ಆ ಇಂಗಿನ ಡಬ್ಬಿ ಮಾತ್ರ ತೆಗೆದುಕೊಂಡು ಹೋಗು."