ಯಲ್ಲಾಪುರ ಅತ್ತೆ ಹೋತು

ವ್ಯಾಕರಣ ತಪ್ಪಿದರೆ ಯಾರೂ ಸಾಯುವುದಿಲ್ಲ ಸಾರ್ ಎಂದು ನನ್ನ ವಿದ್ಯಾರ್ಥಿಯೊಬ್ಬ ಒಮ್ಮೆ ತರಗತಿಯಲ್ಲೇ ಹೇಳಿಬಿಟ್ಟ. ಬೇರೆ ಮಾಸ್ತರರಾಗಿದ್ದರೆ ಅವನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರೇನೋ. ನಾನು ಸೀಮೆಸುಣ್ಣ ಬೀಳಿಸಿಕೊಂಡವನಂತೆ ಮೇಜಿನ ಕೆಳಗೆ ಬಗ್ಗಿದೆ. ಯಾಕೆಂದರೆ ಶಿರಸಿಯ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುವ ನನ್ನ ವ್ಯಾಕರಣದ ದೆಸೆಯಿಂದಲೇ ನನ್ನ ಸ್ವಂತ ಸೋದರತ್ತೆ ಒಂದು ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಸತ್ತಿದ್ದಳು. ಪುಸ್ತಕದಲ್ಲಿ ಹೆಂಗಸರಿಗೆ ಸ್ತ್ರೀಲಿಂಗ: ಅವಳು ಬಂದಳು, ಅವಳು ಹೋದಳು. ನಮ್ಮ ಮನೆಮಾತಿನಲ್ಲಿ ಆ ಸೌಕರ್ಯ ಇಲ್ಲ; 'ಇಲ್ಲ' ಎನ್ನುವುದೂ ನಮ್ಮಲ್ಲಿ 'ಇಲ್ಲೆ'. ಆಯಿ ಬಂತು, ಅಕ್ಕ ಹೋತು, ಅತ್ತೆ ಮಲಗಿತು. ಹೆಂಗಸರಿಗೂ ಎಮ್ಮೆಗೂ ಬಸ್ಸಿಗೂ ಒಂದೇ ಕ್ರಿಯಾಪದ. ಇದರಲ್ಲಿ ಅಗೌರವವೇನೂ ಇಲ್ಲ. ಹೆಂಗಸರೂ ತಮ್ಮತಮ್ಮಲ್ಲಿ ಹೀಗೇ ಮಾತಾಡುತ್ತಾರೆ. ನಲವತ್ತು ವರ್ಷ ಹೀಗೆ ಮಾತಾಡಿಯೂ ನನಗೆ ಏನೂ ತೊಂದರೆಯಾಗಿರಲಿಲ್ಲ. ತೊಂದರೆ ಆದದ್ದು ಮನೆಗೆ ಟಿವಿ ಬಂದ ಮೇಲೆ.

ಆ ಟಿವಿ ಕೊಟ್ಟವಳೂ ಅತ್ತೆಯೇ. ಅಪ್ಪನ ತಂಗಿ. ಯಲ್ಲಾಪುರ ಪೇಟೆಯಲ್ಲಿ ಮಗ ಸೊಸೆಯ ಜೊತೆ ಇದ್ದಳು. ನನ್ನ ಹೈಸ್ಕೂಲು ಪೂರ್ತಿ ಮುಗಿದದ್ದು ಅವಳ ಮನೆಯಲ್ಲಿ, ಅವಳು ಬಡಿಸಿದ ಅನ್ನದಲ್ಲಿ. ಅವಳ ಬಾಯಲ್ಲಿ ನಾನು ಯಾವಾಗಲೂ 'ತಮ', ಅಂದರೆ ಹುಡುಗ. ನಾನು ಓದಲು ಕುಳಿತರೆ ಎದುರಿಗೆ ತಾನೂ ತರಕಾರಿ ಹೆಚ್ಚುತ್ತ ಕುಳಿತು ಮಾತಾಡುತ್ತಿದ್ದಳು. ಅಂತಿಂಥ ಮಾತಲ್ಲ. ನಾನು ಪರೀಕ್ಷೆಯಲ್ಲಿ ಬರೆದ ಉತ್ತರಗಳ ನಡುವೆ ಅತ್ತೆಯ ನಾದಿನಿಯ ಹೆರಿಗೆಯ ವಿವರ ಸೇರಿಹೋಗದಿದ್ದದ್ದು ದೇವರ ದಯೆ. ಅವರ ಮನೆಗೆ ಬಣ್ಣದ ಟಿವಿ ಬಂದಾಗ, "ಹಳೇದು ತಮಂಗೆ ಇರ್ಲಿ, ಅವನ ಮನೇಲಿ ಟಿವಿ ಇಲ್ಲೆ" ಎಂದು ಕಪ್ಪು ಬಿಳುಪಿನದನ್ನು ತನ್ನದೊಂದು ಸೀರೆಯಲ್ಲಿ ಸುತ್ತಿ, ಬಸ್ಸಿನ ಸೀಟಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, ಶಿರಸಿಯವರೆಗೂ ಕೈ ಬಿಡದೆ ಹಿಡಿದು ತಂದುಕೊಟ್ಟಳು.

ಮರದ ಪೆಟ್ಟಿಗೆ, ಎರಡು ಕಡೆಯಿಂದ ಎಳೆದು ಮುಚ್ಚುವ ಬಾಗಿಲು. ಸ್ವಿಚ್ಚು ಹಾಕಿದರೆ ಮೊದಲು ಮಾತು ಬರುತ್ತಿತ್ತು, ಎಷ್ಟೋ ಹೊತ್ತಿನ ಮೇಲೆ ಮುಖ. ಅತ್ತೆಯೂ ಹಾಗೆಯೇ, ಗೇಟಿನಲ್ಲೇ ಮಾತು ಶುರುವಾಗಿ ಆಮೇಲೆ ಆಕೃತಿ ಕಾಣಿಸುವುದು. ಹಾಗಾಗಿ ಅದಕ್ಕೆ 'ಯಲ್ಲಾಪುರ ಅತ್ತೆ' ಎಂದು ಹೆಸರಿಟ್ಟೆ. "ಪಾಪ, ಹಾಂಗೆಲ್ಲ ಹೇಳಡಿ" ಎಂದು ಗದರಿದ ನನ್ನ ಹೆಂಡತಿ ಸುಮಾ ವಾರದೊಳಗೆ "ಸಾಕು, ಅತ್ತೆ ಬಾಗಿಲು ಹಾಕಿ" ಎನ್ನತೊಡಗಿದಳು. ಚಿತ್ರ ಮೇಲಿಂದ ಕೆಳಗೆ ಓಡತೊಡಗಿದರೆ ಎಡಗೆನ್ನೆಗೆ ಒಂದು ಬಾರಿಸಬೇಕು, ಸುಮ್ಮನೆ ನಿಲ್ಲುತ್ತಿತ್ತು. ಬಾರಿಸುವ ಕೆಲಸ ನನ್ನದು. ಸುಳ್ಳು ಯಾಕೆ ಹೇಳಲಿ, ಅದರಲ್ಲಿ ಒಂದು ಸುಖವೂ ಇತ್ತು. ಬಾರಿಸಿದ್ದಕ್ಕೂ ಬಗ್ಗದಿದ್ದರೆ ಸುಮಾಳ ತಮ್ಮ ಗಣಪತಿ ಬರುತ್ತಿದ್ದ. ಅವನದು ಸಿದ್ದಾಪುರದಲ್ಲಿ ರೇಡಿಯೋ, ಟಿವಿ ರಿಪೇರಿಯ ಅಂಗಡಿ. ಈ ಹೆಸರು ಗೊತ್ತಿದ್ದ ಮೂರನೆಯವನು ಅವನೊಬ್ಬನೇ. "ಅತ್ತೆಗೆ ಎಂತಾತು ಭಾವಾ?" ಎಂದೇ ಒಳಗೆ ಬರುತ್ತಿದ್ದ.

ಆ ಭಾನುವಾರ ಕ್ರಿಕೆಟ್ ಮ್ಯಾಚಿತ್ತು. ಅಕ್ಕಪಕ್ಕದವರಿಗೆಲ್ಲ ಬನ್ನಿ ಬನ್ನಿ ಎಂದು ಧಾರಾಳವಾಗಿ ಹೇಳಿಟ್ಟಿದ್ದೆ. ಬೆಳಿಗ್ಗೆ ಹಚ್ಚಿದರೆ ಚಿತ್ರ ಕುಗ್ಗುತ್ತ ಕುಗ್ಗುತ್ತ ಒಂದು ಗೆರೆಯಾಯಿತು, ಗೆರೆ ಚುಕ್ಕೆಯಾಯಿತು, ಚುಕ್ಕೆಯೂ ಹೋಯಿತು. ಎಡಗೆನ್ನೆಗೆ ಬಾರಿಸಿದೆ. ಬಲಗೆನ್ನೆಗೂ ಬಾರಿಸಿದೆ. ಪ್ಲಗ್ಗು ಕಿತ್ತು ಅಲ್ಲಿಗೆ ಇಸ್ತ್ರಿಪೆಟ್ಟಿಗೆ ಹಾಕಿ ನೋಡಿದೆ; ಕರೆಂಟು ಇತ್ತು, ಬೆರಳು ಸುಟ್ಟಿತು. ಫ್ಯೂಸಿನ ತಂತಿ ಬದಲಿಸಿದೆ. ಆಮೇಲೆ ಮಾಡಿನ ಮೇಲೆ ಹತ್ತಿ ಆಂಟೆನಾ ತಿರುಗಿಸುತ್ತ "ಬಂತನೇ?" ಎಂದು ಕೂಗಿದೆ. "ಇಲ್ಲೆ..." ಎಂದು ಸುಮಾ ಒಳಗಿನಿಂದ ಕೂಗಿದಳು. ಆಂಟೆನಾ ಒಂದು ಸುತ್ತು ಪೂರ್ತಿ ತಿರುಗಿದ ಮೇಲೆ "ಅಲ್ದ್ರಾ, ಒಳಗೆ ದೀಪವೇ ಇಲ್ಲೆ, ಆಂಟೆನಾ ಎಂತ ಮಾಡ್ತು?" ಎಂದಳು. ಇದನ್ನು ನಾನು ಹತ್ತುವ ಮೊದಲು ಹೇಳಬಹುದಿತ್ತು. ಆ ಸಿಟ್ಟಿನಲ್ಲಿ ಕೆಳಗಿಳಿದು, ಟಿವಿಯ ಬೆನ್ನಿನಲ್ಲಿ ಕಂಡ ತಿರುಪುಗಳನ್ನೆಲ್ಲ ಸ್ಕ್ರೂಡ್ರೈವರಿನಿಂದ ಎಡಕ್ಕೂ ಬಲಕ್ಕೂ ತಿರುಗಿಸಿದೆ. ಯಾವುದು ಮೊದಲು ಎಲ್ಲಿತ್ತು ಎಂಬುದು ಈಗ ಬ್ರಹ್ಮನಿಗೂ ಗೊತ್ತಾಗುವಂತಿರಲಿಲ್ಲ.

ಮನೆಯಲ್ಲಿ ಫೋನಿರಲಿಲ್ಲ. ಎಸ್‌ಟಿಡಿ ಬೂತಿಗೆ ಓಡಿ ಸಿದ್ದಾಪುರದ ಮನೆಗೆ ಹಚ್ಚಿದೆ. ಆಚೆಯಿಂದ "ಹಲೋ" ಎಂದದ್ದು ಗಣಪತಿಯ ದನಿಯೇ. ನನ್ನ ಮಾವನ ದನಿಯೂ ಮಗನ ದನಿಯೂ ತದ್ರೂಪು ಎಂಬುದು ಮದುವೆಯಾದಾಗಿನಿಂದ ಗೊತ್ತಿದ್ದ ಸಂಗತಿ. ಮ್ಯಾಚಿನ ಗಡಿಬಿಡಿಯಲ್ಲಿ ಮರೆತಿತ್ತು.

"ಹೋತು ಮಾರಾಯಾ, ಯಲ್ಲಾಪುರ ಅತ್ತೆ ಹೋತು!" ಎಂದೆ.

"ಹಾಂ? ಯಾವಾಗ?"

"ಈಗಷ್ಟೇ. ಮೊದ್ಲು ಕಣ್ಣು ಸಣ್ಣಾತು, ಆಮೇಲೆ ಮಾತು ನಿಂತು. ಸ್ವಲ್ಪ ಹೊತ್ತು ಮೈ ಬಿಸಿ ಇತ್ತು, ಈಗ ಪೂರಾ ತಣ್ಣಗಾಯ್ದು."

"ಶಿವ ಶಿವಾ. ಎಂತಾಗಿತ್ತೋ?"

"ವಯಸ್ಸಾಗಿತ್ತಲ. ಎರಡೂ ಕೆನ್ನೆಗೆ ಬಡ್ದಿ, ಏಳ್ತಿಲ್ಲೆ. ನೀ ಲಗೂ ಬಾ."

ಅಷ್ಟರಲ್ಲಿ ಲೈನು ಕಡಿಯಿತು. ಗಣಪತಿಗೆ ಇವತ್ತು ಯಾಕೋ ತಮಾಷೆ ಹೊಳೆಯಲಿಲ್ಲ ಎಂದುಕೊಂಡು ನಾನು ಪಕ್ಕದ ಮನೆಗೆ ಹೋಗಿ ಮ್ಯಾಚು ನೋಡುತ್ತ ಕುಳಿತೆ. ಅಲ್ಲಿ ಚಹಾ ಕೂಡ ಕೊಟ್ಟರು.

ಇತ್ತ ಸಿದ್ದಾಪುರದಲ್ಲಿ ಮಾವ ಶಲ್ಯ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದರು. ಸತ್ತ ಮನೆಗೆ ಫೋನು ಹಚ್ಚಿ ಸುದ್ದಿ ಹೌದೋ ಅಲ್ಲವೋ ಎಂದು ಕೇಳುವುದು ನಮ್ಮಲ್ಲಿ ರೂಢಿಯಿಲ್ಲ. ಶಿರಸಿಯಲ್ಲಿ ಬಸ್ಸು ಬದಲಿಸಿದರೂ ನಮ್ಮ ಮನೆಗೆ ಬರಲಿಲ್ಲ. ಅತ್ತೆಯ ಕಣ್ಣು ಸಣ್ಣದಾದದ್ದು, ಮೈ ತಣ್ಣಗಾದದ್ದು ಎಲ್ಲ ಹೇಳಿದ ಅಳಿಯ ಯಲ್ಲಾಪುರದಲ್ಲಿ ಅವಳ ಹಾಸಿಗೆಯ ಪಕ್ಕದಲ್ಲಲ್ಲದೆ ಮತ್ತೆಲ್ಲಿ ಇದ್ದಾನು? ಬಸ್‌ಸ್ಟ್ಯಾಂಡಿನಲ್ಲಿ ವಾನಳ್ಳಿಯ ನೆಂಟರಿಬ್ಬರು ಸಿಕ್ಕರಂತೆ. ಸುದ್ದಿ ಕೇಳಿ, ಪೇಟೆ ಕೆಲಸ ಬಿಟ್ಟು, ಅವರೂ ಹತ್ತಿದರು.

ಸಂಜೆ ನಾನು ಮನೆಗೆ ಮರಳಿ ಕಾಲು ತೊಳೆಯುತ್ತಿದ್ದೆ. ಗೇಟಿನಿಂದ ಮಾತು ಕೇಳಿಸಿತು. "ಸುಮಾ, ಹೆದರಡ. ಬದುಕಿದ್ದೆ. ಬೇಕಾದ್ರೆ ಮುಟ್ಟಿ ನೋಡು!" ಹಿಂದೆಯೇ ಅತ್ತೆ, ಅವಳ ಹಿಂದೆ ಬಾಡಿದ ಮುಖದ ಮಾವ. ಸುಮಾಳಿಗೆ ತಲೆಬುಡ ತಿಳಿಯಲಿಲ್ಲ. ನನಗೆ ತಿಳಿಯಿತು.

ಅತ್ತೆ ಕುರ್ಚಿಯಲ್ಲಿ ಕುಳಿತು ಕಥೆ ಶುರು ಮಾಡಿದಳು. "ಉಂಡ್ಕಂಡು ಎಲೆ ಅಡಕೆ ಕವಳ ಹಾಕ್ತಾ ಕೂತಿದ್ದಿ. ನಿನ್ನ ಮಾವ ಬಂದ. ಬನ್ನಿ ಹೇಳ್ದಿ. ಬಾಗಿಲು ಹಿಡ್ಕಂಡು ನಿಂತ, ಮಾತೇ ಇಲ್ಲೆ. ನೀರು ಕೊಟ್ರೆ ಕುಡಿದ್ನಿಲ್ಲೆ, ಸತ್ತ ಮನೇಲಿ ಎಂತಕ್ಕೆ ಹೇಳಿ. ಸತ್ತಿದ್ದು ಯಾರು ಅಂದ್ರೆ, ನೀರು ಕೊಟ್ಟ ಅತ್ತೆಯೇ!" ಎಂದು ಹೊಟ್ಟೆ ಹಿಡಿದು ನಕ್ಕಳು. ಮಾವ ನಗಲಿಲ್ಲ. ದಾರಿಯುದ್ದಕ್ಕೂ ಅವರನ್ನು ಕೊರೆದ ಪ್ರಶ್ನೆ ಬೇರೆ ಇತ್ತು.

"ಅಳಿಯಾ, ಎರಡೂ ಕೆನ್ನೆಗೆ ಬಡ್ದಿ ಹೇಳಿದ್ಯಲ. ಸಾಯ ಹೊತ್ತಿಗೆ ಅದು ಎಂತಕ್ಕೆ?"

ಕನ್ನಡ ಪಾಠ ಮಾಡಿ ಹೊಟ್ಟೆ ಹೊರೆಯುವ ನನಗೆ ಆ ಹೊತ್ತಿಗೆ ಕನ್ನಡದ ಮೂರೇ ಶಬ್ದ ಸಿಕ್ಕವು. "ಅದು... ಅದು ಬೇರೆ ಅತ್ತೆ" ಎಂದೆ.

"ಯಲ್ಲಾಪುರದಲ್ಲಿ ನಿಂಗೆ ಎಷ್ಟು ಅತ್ತೆ ಇದ್ದೋ ತಮಾ?" ಎಂದಳು ಅತ್ತೆ.

ನಾನು ಇನ್ನೊಂದು ಅತ್ತೆಯನ್ನು ಹುಟ್ಟಿಸುವುದರೊಳಗೆ ಗಣಪತಿ ಬಂದ. ಹೊರಗೆಲ್ಲೋ ಹೋಗಿದ್ದವನು ಮನೆಗೆ ಬಂದು, ಯಲ್ಲಾಪುರ ಅತ್ತೆ ಹೋದ ಸುದ್ದಿಯನ್ನು ತಾಯಿಯ ಬಾಯಲ್ಲಿ ಕೇಳಿ, ಇಡೀ ಕುಟುಂಬದಲ್ಲಿ ತನಗೊಬ್ಬನಿಗೇ ಅರ್ಥವಾದ ಖುಷಿಯಲ್ಲಿ ಸಾಮಾನಿನ ಚೀಲ ಹಿಡಿದು ಹೊರಟುಬಂದಿದ್ದ. ಹೊಸ್ತಿಲು ದಾಟುವ ಮೊದಲೇ ಗಟ್ಟಿಯಾಗಿ, "ಭಾವಾ, ಯಲ್ಲಾಪುರ ಅತ್ತೆ ಹೆಣ ಎಲ್ಲಿದ್ದು? ಕವುಚಿ ಹಾಕು, ಬೆನ್ನು ಬಿಚ್ಚಿ ನೋಡನ!" ಎಂದ. ಆಮೇಲೆ ಕುರ್ಚಿಯ ಕಡೆ ನೋಡಿದ.

ಭೂಮಿ ಬಾಯಿ ಬಿಡಬಾರದೇ ಎಂದು ಎಲ್ಲರೂ ಹೇಳುವುದನ್ನು ಕೇಳಿದ್ದೆ. ಅದು ಬಾಯಿ ಬಿಡುವುದಿಲ್ಲ, ನಿಮಗೆ ಅನುಭವದಿಂದ ಹೇಳುತ್ತಿದ್ದೇನೆ. ಸುಮಾ ಪಾಪ, ನನ್ನನ್ನು ಉಳಿಸಲು ನೋಡಿದಳು. "ಟಿವಿ ನೀವು ಕೊಟ್ಟಿದ್ದಲ್ದ ಅತ್ತೆ, ನೆನಪಿಗೆ ಇರ್ಲಿ ಹೇಳಿ ನಿಮ್ಮ ಹೆಸ್ರು ಇಟ್ಟಿದ್ದು" ಎಂದಳು.

ಅತ್ತೆ ಟಿವಿಯನ್ನು ನೋಡಿದಳು, ನನ್ನನ್ನು ನೋಡಿದಳು. "ಓಹೋ. ನೆನಪಾದಾಗೆಲ್ಲ ಕೆನ್ನೆಗೆ ಬಡಿತ್ರಾ?" ಎಂದಳು.

ಮಾವ ಎದ್ದು ಹೊರಗೆ ಹೋದರು; ನಗಲು ಹೋದರೋ, ಅಳಿಯನ ಮುಖ ನೋಡಲಾರದೆ ಹೋದರೋ ಗೊತ್ತಿಲ್ಲ. ಗಣಪತಿ ಟಿವಿಯ ಬೆನ್ನು ಬಿಚ್ಚಿ ತಲೆಯನ್ನು ಒಳಗೆ ಹಾಕಿಬಿಟ್ಟ. ನನಗೂ ಹಾಕಲು ಜಾಗವಿದ್ದಿದ್ದರೆ ಎನ್ನಿಸಿತು. ಒಳಗಿನಿಂದಲೇ ಹೇಳಿದ, "ಭಾವಾ, ಒಂದು ಬೆಸುಗೆ ಬಿಟ್ಟಿದ್ದಷ್ಟೇ. ಪೂರಾ ಕೊಂದಿದ್ದು ನಿನ್ನ ಉಪಚಾರ." ಬೆಸುಗೆ ಹಾಕಿ, ನಾನು ತಿರುಗಿಸಿದ್ದನ್ನೆಲ್ಲ ಅಂದಾಜಿನಲ್ಲಿ ಹಿಂದಕ್ಕೆ ತಿರುಗಿಸಿ ಸ್ವಿಚ್ಚು ಹಾಕಿದ. ಮಾತು ಬಂತು, ಆಮೇಲೆ ಮುಖವೂ ಬಂತು. ಯಾರೋ ವಾರ್ತೆ ಓದುತ್ತಿದ್ದರು. ಯಾರೂ ಕೇಳಲಿಲ್ಲ.

ಅತ್ತೆ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಸುಮಾಳಿಗೆ ಕಾಯಿ ತುರಿದುಕೊಟ್ಟಳು, ಗಣಪತಿಯ ಮದುವೆ ವಿಚಾರ ಮಾತಾಡಿದಳು, ಊಟಕ್ಕೆ ನನ್ನ ಪಕ್ಕದಲ್ಲೇ ಕುಳಿತಳು. ಅನ್ನ ಕಲಸುತ್ತ ನನಗೊಬ್ಬನಿಗೇ ಕೇಳುವಂತೆ ಹೇಳಿದಳು: "ಆನು ಸಾಯ ಹೊತ್ತಿಗೆ ನೀ ಹತ್ರನೇ ಇದ್ದಿದ್ದೆ ಹೇಳಿ ನಿನ್ನ ಮಾವ ಹೇಳ್ದ. ಕೇಳಿ ಖುಷಿ ಆತು ತಮಾ."

ಟಿವಿ ತಂದುಕೊಟ್ಟ ಮೇಲೆ ನಾನು ಒಂದು ಸಲವೂ ಯಲ್ಲಾಪುರಕ್ಕೆ ಹೋಗಿರಲಿಲ್ಲ. ಪರೀಕ್ಷೆ, ಪೇಪರು ತಿದ್ದುವುದು, ಮಳೆ, ಯಾವುದೋ ಒಂದು. ಟಿವಿ ಕೆಟ್ಟ ದಿನ ಎದ್ದುಬಿದ್ದು ಬೂತಿಗೆ ಓಡಿದ ನಾನು ಅದೇ ಬೂತಿನಿಂದ ಅತ್ತೆಗೆ ಒಂದು ಫೋನು ಹಚ್ಚಿದವನಲ್ಲ. ಅವಳು ಸತ್ತಳೆಂದು ಕೇಳಿ ಪೇಟೆ ಕೆಲಸ ಬಿಟ್ಟು ಬಸ್ಸು ಹತ್ತಿದವರು ದೂರದ ನೆಂಟರು. ನಾನು ಅನ್ನ ಕಲಸುತ್ತಲೇ ಇದ್ದೆ. "ಮಜ್ಜಿಗೆ ಹಾಕ್ಯ" ಎಂದು ಅತ್ತೆಯೇ ಬಡಿಸಿದಳು.

ಮರುದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಬಿಡಲು ಹೋದೆ. ಯಲ್ಲಾಪುರದ ಬಸ್ಸು ಬಂತು. ಚೀಲ ಒಳಗಿಟ್ಟೆ. ಅತ್ತೆ ಕಿಟಕಿಯ ಬಳಿ ಕುಳಿತಳು. ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. "ಅತ್ತೆ, ಆನು..." ಎನ್ನುವಷ್ಟರಲ್ಲಿ ಡ್ರೈವರು ಎಂಜಿನ್ ಶುರು ಮಾಡಿದ. ಅತ್ತೆ ಕಿಟಕಿಯಿಂದ ಬಗ್ಗಿ ನನ್ನ ಕೆನ್ನೆಯನ್ನು ಮೆಲ್ಲಗೆ ತಟ್ಟಿದಳು.

"ತಮಾ, ಖರೆ ಹೋದಾಗ ನಿಂಗೆ ಫೋನು ಬತ್ತು. ಆವಾಗ 'ಯಾವ ಅತ್ತೆ?' ಹೇಳಿ ಕೇಳಡ, ಆತಾ?"

ಆತು ಎಂದೆ. ಬಸ್ಸು ತಿರುವಿನಲ್ಲಿ ಕಾಣದಾದ ಮೇಲೂ ಅಲ್ಲೇ ನಿಂತಿದ್ದೆ. ಮನೆಗೆ ಬಂದವರನ್ನು ಬಸ್ಸು ಹತ್ತಿಸುವಾಗ ಕಂಡಕ್ಟರನ ಕೈಗೆ ಟಿಕೇಟಿನ ದುಡ್ಡು ಕೊಡುವುದು ನಮ್ಮ ಕಡೆ ಎಂಥ ಜಿಪುಣನೂ ಮರೆಯದ ಮರ್ಯಾದೆ. ಅದನ್ನೂ ಮರೆತಿದ್ದೆ.