ಪುಟ್ಟಕ್ಕನ ಮೂರನೇ ಸಾಲು

ಯಾರು ಏನೇ ಹೇಳಲಿ, ಬೆರಳು ಮಡಚಿ ಮಾತ್ರೆ ಎಣಿಸುವುದು ನನ್ನ ಚಟ. ಮೂವತ್ತು ವರ್ಷ ಚನ್ನರಾಯಪಟ್ಟಣದಲ್ಲಿ ಮಕ್ಕಳಿಗೆ ಛಂದಸ್ಸು ಪಾಠ ಮಾಡಿದ್ದರ ಫಲ ಇದು. ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರು 'ಹಾಸನ ಹಾಸನ' ಎಂದು ಕೂಗಿದರೆ ನಾಲ್ಕು ನಾಲ್ಕು ಮಾತ್ರೆ ಎಣಿಸುತ್ತ ನಿಂತು ಬಸ್ಸನ್ನೇ ತಪ್ಪಿಸಿಕೊಂಡಿದ್ದೇನೆ. ಬಸ್ಸಾದರೆ ಇನ್ನೊಂದು ಬರುತ್ತದೆ. ನಾನು ಇದೇ ಚಟಕ್ಕೆ ಅಕ್ಕನನ್ನೂ ಕಳೆದುಕೊಂಡಿದ್ದೆ.

ಮಗಳ ಮದುವೆಯಲ್ಲಿ ಹಿರೀಸಾವೆಯ ನಮ್ಮ ಪುಟ್ಟಕ್ಕ ಆರತಿ ಹಿಡಿದು ಸೋಬಾನೆ ಹಾಡಿದಳು. ನಾನು ಬೀಗರೆದುರೇ, "ಅಕ್ಕಾ, ಎರಡನೇ ಸಾಲಲ್ಲಿ ಪ್ರಾಸ ತಪ್ತು" ಎಂದೆ. ಅವಳು ತಟ್ಟೆಯನ್ನು ನನ್ನ ಕೈಗಿಟ್ಟು, "ನೀನೇ ಆಡ್ಕಳಪ್ಪ" ಎಂದವಳೇ ಊಟವನ್ನೂ ಮಾಡದೆ ಬಸ್ಸು ಹತ್ತಿದಳು. ಆಮೇಲೆ ಎರಡು ವರ್ಷ ಮಾತಿಲ್ಲ. ಅವಳ ಕೈಯ ಬಸ್ಸಾರು ನೆನೆದು, ಅವಳನ್ನೇ ನೆನೆದು ಸಂಕಟಪಟ್ಟೆನೇ ಹೊರತು ಮೊದಲು ಫೋನ್ ಮಾಡಲು ಬಿಗುಮಾನ ಬಿಡಲಿಲ್ಲ.

ಮೊನ್ನೆ ಬೆಳಿಗ್ಗೆ ವಾಟ್ಸಾಪಿನಲ್ಲಿ ಅವಳ ದನಿ ಬಂತು. ತಾನೇ ಕಟ್ಟಿದ ಹಾಡು:

ಕಲ್ಲಿನ್ನು ಇಲ್ಲೈತೆ, ಕೈಗೂಟ ಇಲ್ಲೈತೆ
ಎಲ್ಲೋದ ನನ್ನ ಎದುರೋನು...

ಕೊನೆಯನ್ನು ಉದ್ದಕ್ಕೆ ಎಳೆದು ನಿಲ್ಲಿಸಿದ್ದಳು. ನನ್ನ ಬೆರಳುಗಳು ಆಗಲೇ ಮಡಚಿಕೊಂಡಿದ್ದವು. "ತ್ರಿಪದಿ. ಪ್ರಾಸ ಸೊಗಸಾಗಿದೆ, 'ಲ್ಲ'ಕಾರ ರಾಗಿಕಲ್ಲು ತಿರುಗಿದ ಹಾಗೇ ಕೇಳಿಸುತ್ತೆ," ಎಂದು ಹೆಂಡತಿ ಗೌರಿಗೆ ವಿವರಿಸಿದೆ. "ಆದ್ರೆ ಮೂರನೇ ಸಾಲೇ ಇಲ್ಲ. ಪದ್ಯ ಅಪೂರ್ಣ. ದೊಡ್ಡ ದೋಷ."

ಗೌರಿ ಸೌಟು ಹಿಡಿದೇ ಹೊರಗೆ ಬಂದಳು. "ಅಲ್ಲಾ ಕಣ್ರೀ, ಚಿಕ್ಕೋರಾಗಿದ್ದಾಗ ಎದ್ರುಬದ್ರು ಕೂತು ರಾಗಿ ಬೀಸ್ತಿದ್ರಂತಲ್ಲ? ಎಲ್ಡು ಸಾಲು ಅತ್ತಿಗೆ ಏಳ್ತಿದ್ರು, ಮೂರ್ನೇದು ನಿಮ್ದು. ನೀವೇ ನೂರ್ ಸಲ ಏಳಿದೀರ."

ದೋಷ ಪದ್ಯದಲ್ಲಿರಲಿಲ್ಲ, ಕಲ್ಲಿನ ಈಚೆ ಬದಿಯಲ್ಲಿತ್ತು. ಹಿತ್ತಲಿಗೆ ಹೋಗಿ ಬಾಗಿಲು ಮುಂದೆ ಮಾಡಿ, ಮೊಬೈಲ್ ಬಾಯಿಗೆ ಹಿಡಿದು ಹಾಡಿದೆ:

ಇಲ್ಲಿವ್ನಿ ಅಕ್ಕ, ಬತ್ತೀನಿ.

ಐದು, ಮೂರು, ಐದು. ಕಳಿಸುವ ಮೊದಲು ಎಣಿಸಿದ್ದೆ, ಒಪ್ಪಿಕೊಳ್ಳುತ್ತೇನೆ. ಎರಡೇ ನಿಮಿಷಕ್ಕೆ ಉತ್ತರ ಬಂತು. ಮೊದಲು ಮೂಗು ಒರೆಸಿಕೊಂಡ ಸದ್ದು, ಆಮೇಲೆ ಪುಟ್ಟಕ್ಕ: "ಪದ ಸರಿಯಾಗೈತೆ. ರಾಗ ಮಾತ್ರ ಕತ್ತೇದು ಕಣ್ಲಾ. ಬಸ್ಸಾರು ಮಾಡಿಡ್ತೀನಿ, ಬಾ, ತಿದ್ತೀನಿ."

ಅವತ್ತು ಮಾತ್ರೆ ಎಣಿಸದೆಯೇ ಹಿರೀಸಾವೆ ಬಸ್ಸು ಹತ್ತಿದೆ.