ಮಾಳಿಗೆಯೊಳಗೆ ಹಾಡು ಕೂಡಿಸಿದ್ದು

ಮೈಕ್‌ಸೆಟ್ಟಿನವನ ಬದುಕಿನಲ್ಲಿ ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಏಣಿ ಹಚ್ಚಿ ಮೇಲೆ ಹತ್ತಿದರೆ ಸಾಕು, ಕೆಳಗೆ ಒಂದಲ್ಲ ಒಂದು ಶುರುವಾಗಿಯೇ ಬಿಡುತ್ತದೆ. ಎಂಬತ್ತರ ದಶಕದ ಕೊನೆಯಲ್ಲಿ ತಿರ್ಲಾಪುರದಲ್ಲಿ ನಾನು ಹಿಡಿದ ಒಂದೇ ಒಂದು ಕೆಲಸದಲ್ಲಿ ಅಂಥವು ಸಾಲುಸಾಲಾಗಿ ನಡೆದವು. ಈಗ ನೆನೆದು ಹೊಟ್ಟೆ ಹಿಡಿದುಕೊಂಡು ನಗುತ್ತೇನೆ. ಆಗ ಮಾತ್ರ ಜೀವ ಬಾಯಿಗೆ ಬಂದಿತ್ತು.

ವರ ನೋಡಲು ಬಂದವರು

ಆಗ ನವಲಗುಂದದಲ್ಲಿ ನನ್ನದೊಂದು ಮೈಕ್‌ಸೆಟ್ಟಿನ ಅಂಗಡಿ. ಮದುವೆ, ಮುಂಜಿ, ಪುರಾಣ, ಏನೇ ಇರಲಿ, ಎತ್ತರದ ಗಿಡ ಹುಡುಕಿ ಹಾರ್ನ್ ಕಟ್ಟುವುದು ನನ್ನ ಕೆಲಸ. ತಿರ್ಲಾಪುರದ ಸಾವ್ಕಾರರ ಮನೆಯಲ್ಲೊಂದು ಸೀಮಂತ. ಅಲ್ಲಿ ಹಾರ್ನ್ ಕಟ್ಟಿದಾಗ ಒಬ್ಬ ಹುಡುಗಿ ಹೊರಗೆ ಬಂದು, ಹಾರ್ನಿನ ಮೇಲೆ ಬರೆಸಿದ್ದ ನನ್ನ ಹೆಸರು ಹಿಡಿದೇ ಕರೆದು, "ಹಾಡು ಚಲೋ ಐತ್ರಿ. ತುಸು ಸಣ್ಣ ಮಾಡಿದ್ರ ನಮಗೂ ಕೇಳಸ್ತೈತಿ" ಅಂದಳು. ಜೋರು ಮಾಡು ಅನ್ನುವವರೇ ತುಂಬಿದ್ದ ಊರುಗಳಲ್ಲಿ ಸಣ್ಣ ಮಾಡು ಅಂದವಳು ಆಕೆಯೊಬ್ಬಳೇ. ನಾನು ಅವತ್ತೇ ಮನಸೋತೆ. ವಿಚಾರಿಸಿದರೆ ಸಾವ್ಕಾರ್ತಿಯ ಅಣ್ಣನ ಮಗಳು. ತಂದೆ ಅಣ್ಣಿಗೇರಿಯಲ್ಲಿ ಮಾಸ್ತರರು.

ನಮ್ಮ ಕಾಕಾ ಮದುವೆಯ ಮಾತು ತೆಗೆದ. ಮಾಸ್ತರರು ಬಿಸಿಲಿಗೆ ಛತ್ರಿ ಹಿಡಿದುಕೊಂಡು ವರನನ್ನು ನೋಡಲು ಬಂದರು. ಆ ಹೊತ್ತಿಗೆ ವರ ಇದ್ದದ್ದು ಮಠದ ಮುಂದಿನ ಹುಣಸೆ ಗಿಡದ ತುದಿಯಲ್ಲಿ, ಹಲ್ಲಲ್ಲಿ ವಾಯರ್ ಕಚ್ಚಿಕೊಂಡು. ಮಾಸ್ತರರು ಛತ್ರಿ ಓರೆ ಮಾಡಿ ಮೇಲೆ ನೋಡಿದರು. ಗಡಿಬಿಡಿಯಲ್ಲಿ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಹೋದೆ. ಹಾರ್ನ್ ಜಾರಿ ಅವರ ಮೂಗಿನ ಮುಂದೆ ವಾಯರಿಗೆ ಜೋತಾಡತೊಡಗಿತು.

"ಹುಡುಗ ಚಲೋ ಅದಾನ್ರಿ," ಎಂದು ಅವರು ಕಾಕಾನಿಗೆ ಹೇಳಿದರು. "ಆದ್ರ ಗಿಡಾ ಹತ್ತಾವಗ ಹೆಣ್ಣು ಹೆಂಗ ಕೊಡ್ಲಿ? ಇಂವನ ಜೋಡಿ ಎರಡು ಮಾತಾಡ್ಬೇಕಂದ್ರ ನಾನೂ ಗಿಡಾ ಹತ್ತಬೇಕಾಗ್ತೈತಿ!"

ಅಜ್ಜಿಯ ಸಂಕಟ

ಅಷ್ಟರಲ್ಲಿ ತಿರ್ಲಾಪುರದ ಸಾವ್ಕಾರರು ಹತ್ತಿ ವ್ಯಾಪಾರಕ್ಕೆಂದು ಮುಂಬೈಗೆ ಹೋಗಿ ಬಂದರು. ಅಲ್ಲಿಯ ಹೋಟೆಲಿನಲ್ಲಿ ಹಾಡು ಛಾವಣಿಯಿಂದಲೇ ಉದುರುತ್ತಿತ್ತಂತೆ. ನನ್ನನ್ನು ಕರೆಸಿ, "ನಮ್ಮ ಪಡಸಾಲಿಗೂ ಹಂಗ ಆಗಬೇಕು. ಹಾಡು ಕೇಳಬೇಕು, ಡಬ್ಬಿ ಕಾಣಬಾರದು. ಆಗ್ತೈತೇನು?" ಅಂದರು.

ಅಂಥದ್ದನ್ನು ನಾನು ಕನಸಿನಲ್ಲೂ ಮಾಡಿರಲಿಲ್ಲ. ಆದರೆ ಅವರ ಮಾತು ಮುಗಿಯುವ ಮೊದಲೇ "ಆಗ್ತೈತ್ರಿ!" ಅಂದುಬಿಟ್ಟೆ. ಯಾಕೆನ್ನಬೇಡಿ. ಮನೆಯೊಳಗಿನ ಕೆಲಸ, ಗಿಡದ ಹಂಗಿಲ್ಲ, ಹುಡುಗಿಯ ಸೋದರತ್ತೆಯ ಮನೆ, ಉದ್ಘಾಟನೆಗೆ ಮಾಸ್ತರರೂ ಬರುವವರು. ಗೆದ್ದರೆ ಹುಡುಗಿ, ಸೋತರೆ ಮತ್ತೆ ಹುಣಸೆ ಗಿಡ.

ಅದು ತೊಲೆಗಳ ಮೇಲೆ ಮಣ್ಣು ಹೊದಿಸಿದ ಹಳೆಯ ಮಾಳಿಗೆ. ತೊಲೆಗಳ ಕೆಳಗೆ ಬಡಿಗನಿಂದ ಪ್ಲೈವುಡ್ ಹೊಡೆಸಿ, ನಡುವಿನ ಸಂದಿಯಲ್ಲಿ ಸ್ಪೀಕರ್ ಅಡಗಿಸುವುದೆಂದು ಠರಾಯಿಸಿದೆ. ನಾನು ಏಣಿ ಹತ್ತಿ ಮೊದಲ ತೂತು ಕೊರೆಯುತ್ತಿದ್ದರೆ ಕೆಳಗೆ ಸಾವ್ಕಾರರ ತಾಯಿ, ಹಲ್ಲಿಲ್ಲದ ಅಜ್ಜಿ, ಹಣೆ ಹಣೆ ಬಡಿದುಕೊಂಡಳು.

"ನನ್ನ ಜಲ್ಮೆಲ್ಲಾ ಈ ಮಾಳಿಗಿ ತೂತು ಮುಚ್ಚೂದ್ರಾಗ ಹೋತು. ಈಗ ನನ್ನ ಮಗಾ ತೂತು ಕೊರ್ಯಾಕ ಆಳು ಹಚ್ಯಾನ ನೋಡ್ರೆವಾ!"

ಗಂಗಾಳದ ಅಳತೆ

ತೂತು ದುಂಡಗೆ ಬರಲೆಂದು ಅಡುಗೆಮನೆಯಿಂದ ಊಟದ ಗಂಗಾಳವೊಂದನ್ನು ಇಸಿದುಕೊಂಡು, ಅದರ ಅಂಚು ಹಿಡಿದು ಗೆರೆ ಎಳೆದಿದ್ದೆ. ಎಲ್ಲ ತೂತುಗಳೂ ಅಗದಿ ದುಂಡಗೆ ಬಂದವು. ಸಾವ್ಕಾರರು ಕೆಳಗೆ ಲೋಡುದಿಂಬಿಗೆ ಒರಗಿ ಖುಷಿಯಿಂದ ನೋಡುತ್ತಿದ್ದರು. ನಾನು ಹೆಮ್ಮೆಯಿಂದ ಮೊದಲ ಸ್ಪೀಕರನ್ನು ತೂತಿಗೆ ಕೂಡಿಸಿ ಕೈಬಿಟ್ಟೆ. ಅದು ಒಂದು ಕ್ಷಣವೂ ಅಲ್ಲಿ ನಿಲ್ಲದೆ ಸೀದಾ ಸಾವ್ಕಾರರ ಮಡಿಲಿಗೆ ಬಂದು ಕೂತಿತು.

ಸಾವ್ಕಾರ್ತಿ ಓಡಿ ಬಂದು ಮೇಲೆ ಕೆಳಗೆ ನೋಡಿ, "ಯಾರ ಗಂಗಾಳ ಒಯ್ದಿದ್ರಿ?" ಅಂದರು.

"ದೊಡ್ಡದಿತ್ತಲ್ರಿ, ಸಾವ್ಕಾರ್ರದು."

"ಅದು ಅವರ ಹೊಟ್ಟಿ ಅಳತಿರಿ! ನಿಮ್ಮ ಸ್ಪೀಕರಿಗೆ ನನ್ನ ಗಂಗಾಳ ಸಾಕಿತ್ತು."

ಪಡಸಾಲೆಯಲ್ಲಿ ಛತ್ರಿ

ಬಡಿಗ ಕಟ್ಟಿಗೆಯ ಬಳೆ ಕೂಡಿಸಿ ಆ ತೂತುಗಳನ್ನು ಸಣ್ಣ ಮಾಡಿದ. ಉಳಿದದ್ದು ಸಬ್‌ವೂಫರ್. ದಪ್ಪ ದನಿಯನ್ನಷ್ಟೇ ನುಡಿಸುವ ಆ ಪೆಟ್ಟಿಗೆಯನ್ನು ಹುಬ್ಬಳ್ಳಿಯಿಂದ ಬಸ್ಸಿನ ಟಾಪಿನ ಮೇಲೆ ತಂದಿದ್ದೆ. ಎರಡು ತೊಲೆಗಳ ನಡುವೆ ಅದನ್ನು ಸಿಗಿಸಿ ಪರೀಕ್ಷೆ ಮಾಡಬೇಕು ಅನ್ನುವಷ್ಟರಲ್ಲಿ ಮಾಸ್ತರರೇ ಬರಬೇಕೇ! ರಜೆಗೆಂದು ಸೋದರತ್ತೆಯ ಮನೆಗೆ ಬಂದಿದ್ದ ಮಗಳನ್ನು ಮಾತಾಡಿಸಲು ಬಂದಿದ್ದರು. ಸಾವ್ಕಾರರು ಅವರನ್ನು ಪಡಸಾಲೆಯ ನಟ್ಟನಡುವೆ ಕೂಡಿಸಿ, ಚಹಾ ಕೊಡಿಸಿ, "ಹಚ್ಚರಿ ಹಾಡು!" ಅಂದರು.

ಹಚ್ಚಿದೆ. ಧಂ ಅಂತು. ಮಾಳಿಗೆ ನಡುಗಿತು. ಮುತ್ತಜ್ಜನ ಕಾಲದ ಮಣ್ಣು ಪೆಟ್ಟಿಗೆಯ ಸುತ್ತಲಿನ ಸಂದಿಯಿಂದ ಸೋರಿ ನೇರವಾಗಿ ಮಾಸ್ತರರ ಚಹಾದೊಳಗೆ ಬಿತ್ತು. ಮತ್ತೊಂದು ಧಂ, ಮತ್ತೊಂದು ಹಿಡಿ ಮಣ್ಣು. ಮಾಸ್ತರರು ಬೈಯಲಿಲ್ಲ, ಏಳಲೂ ಇಲ್ಲ. ಪಕ್ಕಕ್ಕಿದ್ದ ಛತ್ರಿಯನ್ನು ಬಿಚ್ಚಿ ತಲೆಯ ಮೇಲೆ ಹಿಡಿದುಕೊಂಡು ಸಮಾಧಾನದಿಂದ ಅಂದರು:

"ಹಾಡು ಮುಗೀಲಿ. ಮನಿ ಉಳದ್ರ ಮುಂದಿನ ಮಾತಾಡೂಣು."

ತಲೆ ಬೆಳ್ಳಗಾಗಿದ್ದು

ಅವರು ಹೋದ ಮೇಲೆ ನಾನು ಏಣಿಯ ಬುಡದಲ್ಲಿ ಕುಸಿದು ಕುಳಿತೆ. ಎಲ್ಲ ಮುಗಿಯಿತು, ಹುಡುಗಿ ಕೈತಪ್ಪಿದಳು ಅನ್ನಿಸಿ ಅಳುವೇ ಬಂತು. ಆಗ ಒಳಗಿನಿಂದ ಆಕೆಯೇ ಬಂದಳು. ಮೊದಲಿನ ಹಾಗೆಯೇ ನನ್ನ ಹೆಸರು ಹಿಡಿದು ಕರೆದು, "ಮನಿ ತುಂಬ ಹತ್ತಿ ಬಿದ್ದೈತಿ, ನೀವು ತಲಿ ಮ್ಯಾಲ ಕೈ ಇಟ್ಕೊಂಡು ಕುಂತೀರಲ್ರಿ! ಪೆಟ್ಟಗಿ ಸುತ್ತ ತುಂಬ್ರಿ" ಅಂದಳು.

ಆಹಾ! ನನಗೆ ಯಾಕೆ ಹೊಳೆಯಲಿಲ್ಲ? ಆಕೆ ಹತ್ತಿ ಕೊಡುತ್ತ ಹೋದಳು, ನಾನು ತುರುಕುತ್ತ ಹೋದೆ. ಹಾಡು ಹಚ್ಚಿದರೆ ಒಂದು ಹರಳು ಮಣ್ಣೂ ಬೀಳಲಿಲ್ಲ. ದನಿಯೂ ಮೆತ್ತಗಾಗಿ ಎದೆಗೆ ಹಿತವಾಗಿ ತಾಕಿತು. ನಾನು ಏಣಿಯ ಮೇಲೆಯೇ ಕುಣಿದೆ, ಆಕೆ ಕೆಳಗೆ ಚಪ್ಪಾಳೆ ತಟ್ಟಿದಳು. ಸದ್ದಿಗೆ ಹೊರಗೆ ಬಂದ ಅಜ್ಜಿ ಹತ್ತಿ ಮೆತ್ತಿದ ನಮ್ಮಿಬ್ಬರ ತಲೆಗಳನ್ನು ನೋಡಿದಳು.

"ಏನ ಜೋಡಿರೆವಾ! ಇಬ್ಬರದೂ ಕೂಡೇ ತಲಿ ಬೆಳ್ಳಗಾಗೇತಿ. ಲಗ್ನಾ ಒಂದ ಬಾಕಿ!"

ಹೆಸರಿಲ್ಲದವನು

ಉದ್ಘಾಟನೆಯ ದಿನ ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲ. ಮಾಸ್ತರರು ಬಂದು ಕುಳಿತವರು, ಯಾವುದಕ್ಕೂ ಇರಲಿ ಎಂದು ಮೊದಲೇ ಛತ್ರಿ ಬಿಚ್ಚಿಕೊಂಡರು. ನಾನು ಏಣಿಯ ಮೇಲೆ ನಿಂತು ಕೊನೆಯ ವಾಯರ್ ಬಿಗಿಯುತ್ತಿದ್ದೆ. ಹಾಡು ಶುರುವಾಯಿತು. ಮಣ್ಣು ಬೀಳಲಿಲ್ಲ. ಜನ ಬಾಯಿ ತೆರೆದು ಮಾಳಿಗೆ ನೋಡುತ್ತ ಕುಳಿತರು. ಮಾಸ್ತರರು ಮಾತ್ರ ಛತ್ರಿ ಇಳಿಸಲಿಲ್ಲ.

ಆಮೇಲೆ ಸಾವ್ಕಾರರು ಹುಡುಗಿಯ ಕೈಗೆ ಮೈಕ್ ಕೊಟ್ಟು, "ಕೆಲಸ ಮಾಡಿದವರಿಗೆಲ್ಲಾ ಹೆಸರು ಹಿಡದು ಆಭಾರ ಹೇಳವಾ" ಅಂದರು. ಆಕೆ ಬಡಿಗನ ಹೆಸರು ಹೇಳಿದಳು. ಬಣ್ಣ ಹಚ್ಚಿದವನ ಹೆಸರು ಹೇಳಿದಳು. "ಮತ್ತ ಈ ಸ್ಪೀಕರ್ ಕೂಡಿಸಿದ..." ಎಂದು ನಿಂತುಬಿಟ್ಟಳು. ಮಾಳಿಗೆಯ ತುಂಬ ಬರೀ ಗುಂಯ್ ಅನ್ನುವ ಸದ್ದು.

"ಹೇಳವಾ, ಹೆಸರು!" ಅಂದರು ಸಾವ್ಕಾರರು.

"ಕೂಡಿಸಿದವರಿಗೂ..."

"ಯಾರಿಗೆ? ಹೆಸರಿಲ್ಲೇನು ಅಂವಗ?"

"ಅವರಿಗೆ," ಅಂದು ಆಕೆ ತಲೆ ತಗ್ಗಿಸಿದಳು. ನನ್ನನ್ನು ಹೆಸರು ಹಿಡಿದು ಗದರಿದವಳು! ಎಲ್ಲ ಸ್ಪೀಕರುಗಳಿಂದಲೂ ಆ 'ಅವರಿಗೆ' ನನ್ನ ಕಿವಿಗೆ ಬಂದು ಬಿತ್ತು. ನನ್ನ ಎದೆ ಸಬ್‌ವೂಫರಿಗಿಂತ ಜೋರಾಗಿ ಬಡಿದುಕೊಂಡಿತು.

ಅಜ್ಜಿ ಮೈಕಿಗೇ ಬಾಯಿ ಹಚ್ಚಿ ಕೂಗಿದಳು. "ಬಿಡ್ರೋ, ಆಕಿನ್ನ ಯಾಕ ಕಾಡ್ತೀರಿ! ಲಗ್ನ ಆದ ಮ್ಯಾಲ ನಾ ಒಮ್ಮೆರೆ ನನ್ನ ಗಂಡನ ಹೆಸರು ಹೇಳೇನೇನು? ಈಕಿ ಲಗ್ನಕ್ಕೂ ಮೊದಲ ಶುರು ಮಾಡ್ಯಾಳ!"

ಪಡಸಾಲೆಯೇ ಹಾರಿಹೋಗುವಂಥ ನಗು. ಮಾಸ್ತರರು ನಗಲಿಲ್ಲ. ಎದ್ದರು, ಛತ್ರಿ ಮಡಿಚಿದರು, ಜನರನ್ನು ಸರಿಸಿಕೊಂಡು ನೇರವಾಗಿ ಏಣಿಯ ಬುಡಕ್ಕೆ ಬಂದು, ಅಂದು ಹುಣಸೆ ಗಿಡದ ಕೆಳಗೆ ನೋಡಿದಂತೆಯೇ ಮೇಲೆ ನೋಡಿದರು. ನಾನು ಈ ಸಲ ನಮಸ್ಕಾರ ಮಾಡಲಿಲ್ಲ, ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಇನ್ನರೆ ಕೆಳಗ ಇಳೀರಿ," ಅಂದರು. "ನಿಮ್ಮ ಬಾಯಾಗ ಮಾವ ಅನ್ನಿಸ್ಕೊಳ್ಳಾಕ ನಾ ಏಣಿ ಹತ್ತಲೇನು?"